ಯಾರೂ ಕತೆ ಹೇಳಬೇಡಿ, ನಾನಿನ್ನೂ ಓದಿಲ್ಲ!

ನಾನು ಪುಸ್ತಕ ಹಿಡಿದೆ ಅಂದರೆ ಕೊಪ್ಪದಲ್ಲಿ ಯಾರಿಗಾದರೂ ಒಂದು ಫಜೀತಿ ಆಗಿಯೇ ಆಗುತ್ತದೆ. ಬೇಕೆಂದು ಮಾಡುವುದಲ್ಲ ಮಾರಾಯ್ರೆ, ಆಗಿಬಿಡುತ್ತದೆ. ಬಸ್‌ಸ್ಟ್ಯಾಂಡಿನ ಎದುರಿನ ಸಂದಿಯಲ್ಲಿ ನನ್ನ ಲೇಡೀಸ್ ಟೈಲರ್ ಅಂಗಡಿ. ಎದುರಿಗೆ ಹೊಲಿಗೆ ಮಿಷನ್ನು, ಪಕ್ಕದಲ್ಲಿ ಪುಟ ಮಗುಚದ ಹಾಗೆ ಕತ್ತರಿ ಹೇರಿ ಬಿಡಿಸಿಟ್ಟ ಪುಸ್ತಕ. ಒಂದು ಪುಟ ಓದುವುದು, ಒಂದು ಹೊಲಿಗೆ ಹಾಕುವುದು. ಎರಡು ಸಾವಿರದ ಐದಾರನೇ ಇಸವಿಯ ಹೊತ್ತಿಗೆ ನನಗೆ ಮಾಯಾಲೋಕದ ಕತೆಗಳು, ಬೇರೆ ಗ್ರಹದ ಕತೆಗಳು, ಹಳೇ ಕಾಲದ ದಪ್ಪ ಕಾದಂಬರಿಗಳು ಅಂದರೆ ಹುಚ್ಚೇ ಹಿಡಿದಿತ್ತು.

ಈ ಹುಚ್ಚಿಗೆ ಜೊತೆ ಇಬ್ಬರು. ಶೃಂಗೇರಿಯಲ್ಲಿ ಮದುವೆ, ಉಪನಯನಗಳಿಗೆ ಅಡುಗೆ ಮಾಡುವ ಭಟ್ಟರು ಒಬ್ಬರು. ನರಸಿಂಹರಾಜಪುರದಲ್ಲಿ, ನಾವೆಲ್ಲ ಎನ್ನಾರ್‌ಪುರ ಅನ್ನುವುದು, ರಿಟೈರಾದ ಹೈಸ್ಕೂಲ್ ಮೇಡಂ ಇನ್ನೊಬ್ಬರು. ನಮ್ಮ ಪುಸ್ತಕಗಳು ಓಡಾಡುತ್ತಿದ್ದದ್ದು ಬಸ್ಸಿನಲ್ಲಿ. ನಮ್ಮ ಕಡೆ ಎಲ್ಲ ಹಾಗೇ. ಔಷಧಿ, ಹಲಸಿನ ಹಪ್ಪಳ, ನೆಂಟರ ಮನೆಯಲ್ಲಿ ಮರೆತ ಕನ್ನಡಕ, ಏನಿದ್ದರೂ ಕಂಡಕ್ಟರ್ ಕೈಗೆ ಕೊಟ್ಟು "ಸ್ಟ್ಯಾಂಡಿಗೆ ಬಂದು ತಗೊಳ್ತಾರೆ" ಅಂದರೆ ಮುಗಿಯಿತು.

ಮೂರನೇ ತೋಳು

ಮೇಡಂ ಒಂದು ಸಲ ಬೇರೆ ಗ್ರಹದ ಕತೆ ಕಳಿಸಿದರು. ಅಲ್ಲಿಯ ಜನಕ್ಕೆ ಮೂರು ಕೈ. ಎರಡು ಕೈ ಕೆಲಸಕ್ಕೆ, ಮೂರನೆಯದು ಪಕ್ಕದವರ ಕೈ ಹಿಡಿದುಕೊಳ್ಳಲಿಕ್ಕೆ ಮಾತ್ರ! ಜಗಳ ಆದರೂ ಬಿಡುವ ಹಾಗಿಲ್ಲ. ಎಂಥಾ ಕಲ್ಪನೆ ಅಂತೀರಿ! ನನಗೆ ಓದುತ್ತಾ ಮೈಯೆಲ್ಲ ಝುಮ್ ಅಂದಿತು. ನಮಗೂ ಇನ್ನೊಂದು ಕೈ ಇದ್ದಿದ್ದರೆ ಅಂತ ಯೋಚಿಸುತ್ತಲೇ ನಾಲ್ಕು ಬ್ಲೌಸು ಹೊಲಿದು ಮುಗಿಸಿದೆ.

ಸಂಜೆ ಭಂಡಿಗಡಿಯಿಂದ ಒಬ್ಬಳು ಬಂದಳು. ತೋಟದ ಕೆಲಸಕ್ಕೆ ಹೋಗುವವಳು, ಅಡಿಕೆ ಸುಲಿಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಬ್ಲೌಸು ಹಾಕಿ ನೋಡಲಿಕ್ಕೆ ಪರದೆಯ ಹಿಂದೆ ಹೋದಳು. ಆಮೇಲೆ ಮೆಲ್ಲಗೆ ಕೇಳಿದಳು, "ಅಕ್ಕಾ, ನನ್ನ ಎರಡೂ ಕೈ ಒಳಗೆ ಹೋಯ್ತು. ಇನ್ನೊಂದು ತೋಳಿಗೆ ಎಂತ ಹಾಕ್ಲಿ?"

ನೋಡಿದರೆ ಬೆನ್ನಿನ ನಡುವೆ ಒಂದು ತೋಳು, ಅಂಚಿಗೆ ಪೈಪಿಂಗ್ ಸಮೇತ ನೇತಾಡುತ್ತಿದೆ! ನಾಚಿಕೆಯಿಂದ ಸತ್ತೇ ಹೋದೆ. "ತಾ ಮಾರಾಯ್ತಿ, ಈಗಲೇ ಬಿಚ್ಚಿ ಕೊಡ್ತೇನೆ" ಅಂದೆ. ಅವಳು ಕನ್ನಡಿಯಲ್ಲಿ ಹಿಂದೆ ಮುಂದೆ ತಿರುಗಿ ನೋಡಿಕೊಂಡಳು.

"ಬಿಚ್ಚೋದು ಬೇಡ, ಇರ್ಲಿ. ಆ ಕೈ ಎಲ್ಲಿ ಸಿಗ್ತದೆ ಅದೊಂದು ಹೇಳಿ. ಸುಲಿಯೋ ಕಾಲಕ್ಕೆ ಎರಡು ಸಾಕಾಗುದಿಲ್ಲ."

ಸೇನಾಪತಿಯ ಅಳತೆ

ಆಮೇಲೆ ಬಂದದ್ದು ಹಿಮದ ದೇಶದ ಹಳೇ ಕಾದಂಬರಿಯ ಕನ್ನಡ ಅನುವಾದ. ತಲೆದಿಂಬಿನಷ್ಟು ದಪ್ಪ. ಓದಿದಷ್ಟು ದಿನ ಈ ಕೊಪ್ಪದ ಬಿಸಿಲಲ್ಲೂ ನಾನು ಶಾಲು ಹೊದ್ದುಕೊಂಡೇ ಕೂತಿದ್ದೆ. ಅಷ್ಟು ಚೆಂದ! ಒಂದೇ ತೊಂದರೆ. ಪ್ರತಿಯೊಬ್ಬನಿಗೂ ಮೂರು ಮೂರು ಹೆಸರು. ಅಪ್ಪ ಕರೆಯುವುದೊಂದು, ಹೆಂಡತಿ ಕರೆಯುವುದೊಂದು, ಸಾಲದ್ದಕ್ಕೆ ಮುದ್ದಿನ ಹೆಸರು ಬೇರೆ. ಸತ್ತವನೇ ಮತ್ತೆ ಕಾಫಿ ಕುಡಿಯಲಿಕ್ಕೆ ಬಂದ ಅಂತ ನಾನು ಎರಡು ಸಲ ಕಿಟಾರನೆ ಕಿರುಚಿದ್ದೇನೆ. ಕೊನೆಗೆ ಕೈಗೆ ಸಿಕ್ಕಿದ ಅಳತೆ ಪುಸ್ತಕದಲ್ಲೇ ಯಾರು ಯಾರು, ಯಾರಿಗೆ ಎಂತ ಆಯಿತು ಅಂತ ಬರೆದುಕೊಳ್ಳಲಿಕ್ಕೆ ಶುರು ಮಾಡಿದೆ.

ಕಾಫಿ ತೋಟದ ಯಜಮಾನರೊಬ್ಬರು ಹೆಂಡತಿಯ ಬಟ್ಟೆ ಆಯಿತಾ ಅಂತ ಕೇಳಲಿಕ್ಕೆ ಬಂದರು. ನಾನು ಒಳಗೆ ಹುಡುಕುತ್ತಿದ್ದೆ. ಅವರು ಸುಮ್ಮನೆ ಕೂರುವವರಲ್ಲ, ಅಳತೆ ಪುಸ್ತಕ ತಿರುವಿದರು. ನಾನು ಹೊರಗೆ ಬಂದಾಗ ಅವರ ಮುಖ ಬಿಳುಚಿತ್ತು.

"ಇದೆಂತದು ಮಾರಾಯ್ತಿ? 'ಸೇನಾಪತಿ. ಎದೆ: ಗುಂಡು ಹೊಕ್ಕಿದೆ. ಸೊಂಟ: ಕತ್ತಿ ಏಟು. ಎಡಗಾಲು: ಇಲ್ಲ.'"

"ಅಯ್ಯೋ, ಅದು ಕತೆಯಲ್ಲಿ ಸರ್!" ಅಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ. ಮತ್ತೊಂದು ಸಲ ಕಣ್ಣಾಡಿಸಿ, ಬಟ್ಟೆ ಕೊಟ್ಟಾಗ ನಾನು ಬರೆದುಕೊಟ್ಟಿದ್ದ ಚೀಟಿ ಜೇಬಿಗೆ ಹಾಕಿಕೊಂಡು ಎದ್ದರು.

"ಮೊದಲು ಅವರದ್ದು ಹೊಲಿದು ಕೊಡು. ಪಾಪ, ಅವರಿಗೆ ಹೆಚ್ಚು ಟೈಮಿಲ್ಲ."

ಹತ್ತು ಸಾವಿರ ಎಲೆ

ಶೃಂಗೇರಿಯ ಭಟ್ಟರು ಪುಸ್ತಕ ಅಳೆಯುವುದೇ ಬೇರೆ ರೀತಿ. ನಾನು ಕುಣಿಯುತ್ತಾ ಒಂದು ಮಾಯಾಲೋಕದ ಕಾದಂಬರಿ ಕಳಿಸಿದ್ದೆ. ರಾಕ್ಷಸರು, ಮಂತ್ರವಾದಿಗಳು, ಹಾರುವ ಕೋಟೆ, ನಲವತ್ತು ದಿನ ನಡೆಯುವ ಸೈನ್ಯ! ಓದಿ ನಾನು ಎರಡು ದಿನ ಮಾತಾಡಿರಲಿಲ್ಲ. ಅಂಗಡಿಗೆ ಬಂದವರು ನನಗೆ ಹುಷಾರಿಲ್ಲ ಅಂತ ತಿಳಿದು ಕಷಾಯ ತಂದುಕೊಟ್ಟಿದ್ದರು. ಭಟ್ಟರಿಗೆ ಹೇಗನಿಸಿತೋ ಅಂತ ಕೇಳಲಿಕ್ಕೆ ತಡೆಯಲಾರದೆ ಫೋನ್ ಮಾಡಿದೆ.

"ಓದಿದೆ" ಅಂದರು, ಸಪ್ಪೆಯಾಗಿ. "ಮುನ್ನೂರು ಪುಟ ಆಯ್ತು. ಒಬ್ಬನೂ ಊಟ ಮಾಡ್ಲಿಲ್ಲ."

"ಭಟ್ರೇ, ಅದು ಯುದ್ಧ!"

"ಯುದ್ಧ ಆದ್ರೆ ಹೊಟ್ಟೆ ಇಲ್ವಾ? ಹತ್ತು ಸಾವಿರ ಜನ, ನಲವತ್ತು ದಿನ. ಒಲೆ ಹೂಡಿದ್ದು ಯಾರು, ಬಡಿಸಿದ್ದು ಯಾರು? ಅದು ಬರೀದಿದ್ರೆ ನಾ ಹೆಂಗೆ ನಂಬೋದು ಹೇಳು. ರಾಕ್ಷಸರನ್ನ ನಂಬಿದೆ, ಕೋಟೆ ಹಾರಿದ್ದು ನಂಬಿದೆ. ಇದೊಂದು ಗಂಟಲಲ್ಲಿ ಇಳೀತಿಲ್ಲ."

ಪುಸ್ತಕ ಬಸ್ಸಿನಲ್ಲಿ ವಾಪಸು ಬಂತು. ಒಳಗೆ ಒಂದು ಉದ್ದದ ಚೀಟಿ. ಭಟ್ಟರು ಇಡೀ ಸೈನ್ಯಕ್ಕೆ ಸಾಮಾನಿನ ಪಟ್ಟಿ ಹಾಕಿದ್ದರು. ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ಹತ್ತು ಸಾವಿರ ಬಾಳೆಲೆ, ಮಂತ್ರವಾದಿಗೆ ಉಪ್ಪಿಲ್ಲದ ಸಾರು. ಕೆಳಗೆ ಒಂದು ಗೆರೆ ಎಳೆದು ಬರೆದಿದ್ದರು: "ರಾಕ್ಷಸರು ಎರಡನೇ ಪಂಕ್ತಿಗೆ ಬರುವುದು. ಮೊದಲೇ ಕೂತರೆ ಉಳಿದವರಿಗೆ ಪಾಯಸ ಸಿಕ್ಕುವುದಿಲ್ಲ."

ಮೂರನೇ ಸಂಪುಟ

ಇನ್ನು ಇದೊಂದನ್ನು ನೆನೆಸಿಕೊಂಡರೆ ಈಗಲೂ ನನಗೆ ನಗು, ಅಳು ಎರಡೂ ಒಟ್ಟಿಗೇ ಬರುತ್ತವೆ.

ಮೋಡಗಳನ್ನು ದನದ ಹಾಗೆ ಮೇಯಿಸಿಕೊಂಡು ಹೋಗುವ ಒಬ್ಬ ಹುಡುಗಿಯ ಕತೆ, ಮೂರು ಸಂಪುಟ. ಅವಳಿಗೆ ತನ್ನ ಅಪ್ಪ ಯಾರು ಅಂತ ಗೊತ್ತಿಲ್ಲ. ಊರೂರು ತಿರುಗುತ್ತಾಳೆ, ಸಿಕ್ಕವರ ಮುಖವನ್ನೆಲ್ಲ ನೋಡುತ್ತಾಳೆ. ಎರಡು ಸಂಪುಟ ಮುಗಿದರೂ ಅಪ್ಪ ಸಿಗಲಿಲ್ಲ! ನಾನು ಅನ್ನ ನೀರು ಬಿಡುವುದೊಂದು ಬಾಕಿ. ದೋಣಿಯವನೇ ಅಪ್ಪ ಅಂತ ನಾನು, ಅಲ್ಲ ರಾಜನೇ ಅಂತ ಭಟ್ಟರು. ಮೇಡಂ ಮಾತ್ರ ಮೂರನೆಯದನ್ನೂ ಓದಿ ಮುಗಿಸಿ, ಫೋನಿನಲ್ಲಿ ಹಿಹಿಹಿ ಅಂತ ನಗುತ್ತಿದ್ದರು.

"ಮೇಡಂ, ಬಾಯಿ ಬಿಟ್ಟೀರಿ ಮತ್ತೆ! ಅದು ನಾನೇ ಓದಿ ತಿಳೀಬೇಕು. ಒಂದು ಮಾತು ಹೊರಗೆ ಬಂದರೂ ನಿಮ್ಮ ಬ್ಲೌಸು ಇನ್ನು ನಾನು ಹೊಲಿಯೋದಿಲ್ಲ" ಅಂತ ಹೆದರಿಸಿದೆ.

"ಇಲ್ಲ ಮಾರಾಯ್ತಿ. ನಾಳೆ ಬೆಳಗ್ಗಿನ ಬಸ್ಸಿಗೆ ಪುಸ್ತಕ ಹಾಕ್ತೇನೆ" ಅಂದರು.

ಎನ್ನಾರ್‌ಪುರದಿಂದ ಕೊಪ್ಪಕ್ಕೆ ಬಂದು ಶೃಂಗೇರಿಗೆ ಹೋಗುವ ಬಸ್ಸು ಅದು. ನಾನು ಅಂಗಡಿಗೆ ಬೀಗ ಹಾಕಿ ಅರ್ಧ ಗಂಟೆ ಮೊದಲೇ ಸ್ಟ್ಯಾಂಡಿನಲ್ಲಿ ನಿಂತೆ. ಹತ್ತಾಯಿತು, ಹನ್ನೊಂದಾಯಿತು, ಬಸ್ಸೇ ಇಲ್ಲ. ರಾತ್ರಿಯ ಗಾಳಿಗೆ ರಸ್ತೆಗೆ ಮರ ಬಿದ್ದಿದೆಯಂತೆ, ಕಡಿಯುತ್ತಿದ್ದಾರಂತೆ ಅಂತ ಸುದ್ದಿ ಬಂತು. ನಾನು ನಿಂತಲ್ಲಿ ನಿಲ್ಲಲಾರದೆ ಸ್ಟ್ಯಾಂಡಿಗೆ ಹನ್ನೆರಡು ಸುತ್ತು ಹಾಕಿದೆ.

ಅಂತೂ ಒಂದು ಗಂಟೆಗೆ ಬಸ್ಸು ಬಂತು. ಓಡಿ ಹೋಗಿ, "ಎನ್ನಾರ್‌ಪುರ ಮೇಡಂ ಕೊಟ್ಟ ಪುಸ್ತಕ?" ಅಂದೆ. ಕಂಡಕ್ಟರ್ ಬಾಯಿ ತೆರೆದ, ಸ್ವರವೇ ಬರಲಿಲ್ಲ. ಗಂಟಲು ಹಿಡಿದುಕೊಂಡು ಒಳಗೆ ಕೈ ತೋರಿಸಿದ.

ಬಸ್ಸಿನ ತುಂಬ ಜನ. ಕೊಪ್ಪದಲ್ಲಿ ಇಳಿಯಬೇಕಾದವರೂ ಇಳಿದಿಲ್ಲ! ಮುಂದಿನ ಸೀಟಿನ ಅಜ್ಜಿಯ ಮಡಿಲಲ್ಲಿ ನನ್ನ ಮೂರನೇ ಸಂಪುಟ. ಕಟ್ಟಿದ್ದ ದಾರವೂ ಇಲ್ಲ, ಸುತ್ತಿದ್ದ ಪೇಪರೂ ಇಲ್ಲ.

"ಬೇಜಾರು ಮಾಡ್ಕಬೇಡ ತಂಗಿ" ಅಂದರು ಅಜ್ಜಿ. "ಮರ ಕಡಿಯೋದು ನೋಡ್ತಾ ಎಷ್ಟು ಹೊತ್ತು ಕೂರೋದು? ಈ ಕಂಡಕ್ಟರನ ಹತ್ರ ಪುಸ್ತಕ ಇತ್ತು, ಓದು ಮಾರಾಯ ಅಂದೆವು. ಮೂರು ಗಂಟೆ ಓದಿದ, ಪಾಪ. ಅಷ್ಟರಲ್ಲಿ ಅವನ ಸ್ವರ ಹೋಯ್ತು, ಅತ್ತ ದಾರಿ ಬಿಟ್ಟಿತು."

ನಾನು ಎರಡೂ ಕಿವಿಗೆ ಬೆರಳು ತುರುಕಿಕೊಂಡು ಕೂಗಿದೆ. "ಯಾರೂ ಕತೆ ಹೇಳಬೇಡಿ, ನಾನಿನ್ನೂ ಓದಿಲ್ಲ! ಅಪ್ಪ ಯಾರು ಅಂತ ಯಾರಾದ್ರೂ ಬಾಯಿ ಬಿಟ್ರೆ ನೋಡಿ!"

"ಹೇಳೋದಿಲ್ಲ ಮಾರಾಯ್ತಿ" ಅಂತ ಹಿಂದಿನ ಸೀಟಿನವನೊಬ್ಬ ಸಮಾಧಾನ ಮಾಡಿದ. "ಆದ್ರೆ ಕೊನೇ ನಾಲ್ಕು ಪುಟ ಉಳಿದಿದೆ. ಅದನ್ನ ನೀನು ಓದು."

"ನಾನಾ? ನಾನು ಈ ಸಂಪುಟದ ಮೊದಲಿನದ್ದೇ ಓದಿಲ್ಲ!"

"ಮೊದಲಿನದ್ದು ನಮಗೆ ಗೊತ್ತುಂಟಲ್ಲ!" ಅಂತ ನಾಲ್ಕು ಕಡೆಯಿಂದ ಕೂಗು.

"ಪುಸ್ತಕ ಕೊಡಿ ಅಜ್ಜಿ" ಅಂತ ಕೈ ಚಾಚಿದೆ. ಅಜ್ಜಿ ಸೆರಗಿನೊಳಗೆ ಮುಚ್ಚಿಕೊಂಡರು. "ಪುಸ್ತಕ ನಿಂದೇ, ಯಾರು ಇಲ್ಲ ಅಂದ್ರು? ಆ ಹುಡುಗಿ ಎಂತ ಆದ್ಲು ಅಂತ ಗೊತ್ತಾಗದೆ ನಾನು ಮನೆಗೆ ಹೋಗೋದಿಲ್ಲ."

ಹಿಂದೆ ಇನ್ನೊಂದು ಬಸ್ಸು ಬಂದು ಹಾರನ್ ಹೊಡೆಯಲಿಕ್ಕೆ ಶುರು ಮಾಡಿತು. ಡ್ರೈವರ್ ತಿರುಗಿ, "ಓದಮ್ಮ ಬೇಗ, ನನಗೂ ತಲೆಬಿಸಿ ಆಗ್ತಿದೆ" ಅಂದ. ಇನ್ನೆಂತ ಮಾಡುವುದು? ಒಂದು ಕರಾರು ಹಾಕಿದೆ. ನಾನು ಓದುತ್ತೇನೆ, ಅಪ್ಪನ ಸುದ್ದಿ ಯಾರೂ ಎತ್ತಬಾರದು. ಎಲ್ಲರೂ ಆಣೆ ಮಾಡಿದರು. ಅಜ್ಜಿ ಎರಡೆರಡು ಸಲ ಮಾಡಿದರು.

ಡ್ರೈವರ್ ಪಕ್ಕ ನಿಂತು ಓದಿದೆ. ಎಂಥಾ ಬರವಣಿಗೆ ಮಾರಾಯ್ರೆ! ಒಣಗಿದ ಬೆಟ್ಟದ ಮೇಲೆ ಹುಡುಗಿ ಒಬ್ಬಳೇ. ಮೋಡಗಳು ದಿಕ್ಕು ತಪ್ಪಿ ಚದುರಿವೆ. ಅವಳು ಕರೆಯುತ್ತಾಳೆ, ಒಂದೂ ಬರುವುದಿಲ್ಲ. ಅಷ್ಟರಲ್ಲಿ ಹರಕು ಕಂಬಳಿ ಹೊದ್ದ ಒಬ್ಬ ಮುದುಕ ಬೆಟ್ಟ ಹತ್ತಿ ಬಂದು ಒಂದು ಸಿಳ್ಳೆ ಹಾಕುತ್ತಾನೆ. ಎಲ್ಲ ಮೋಡಗಳೂ ಓಡೋಡಿ ಬರುತ್ತವೆ! ಮಳೆ ಸುರಿಯುತ್ತದೆ. ಹುಡುಗಿ ಮುದುಕನನ್ನು ಅಪ್ಪಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಾಳೆ. ಬಸ್ಸಿನಲ್ಲಿ ಅಜ್ಜಿ ಅಳುತ್ತಿದ್ದರು, ಕಂಡಕ್ಟರ್ ಕಣ್ಣೊರೆಸಿಕೊಳ್ಳುತ್ತಿದ್ದ. ನನ್ನ ಕಣ್ಣಲ್ಲೂ ಧಾರಾಕಾರ. ಆ ಸಂಭ್ರಮದಲ್ಲಿ ಕರಾರು, ಆಣೆ ಎಲ್ಲ ಮರೆತೇ ಹೋಯಿತು. ಪುಸ್ತಕವನ್ನು ಎದೆಗೆ ಒತ್ತಿಕೊಂಡು ತಡೆಯಲಾರದೆ ಕೂಗಿದೆ:

"ಅಯ್ಯೋ, ಇಷ್ಟು ಒಳ್ಳೆಯವನು! ಈ ಕಂಬಳಿ ಮುದುಕ ಯಾರು ಮಾರಾಯ್ರೆ?"

ಇಡೀ ಬಸ್ಸು ಒಂದೇ ಬಾಯಲ್ಲಿ ಹೇಳಿತು:

"ಅವಳ ಅಪ್ಪ!"