ಬಚ್ಚಲ ಬಾಗಿಲಿಗೆ ಹದಿನಾಲ್ಕು ಸೋಮವಾರ

ನಮ್ಮ ಕಾಕಾ ತಮ್ಮ ಮನೆಯ ಗೋಡೆಗೆ ಮೊಳೆ ಹೊಡೆಯುವ ಮೊದಲು ಆ ಗೋಡೆಯ ಆಚೆ ಇರುವವರ ಅನುಮತಿ ಕೇಳುತ್ತಾರೆ. ಅದೂ ಬಾಯಿಮಾತಿನಲ್ಲಲ್ಲ, ಬರಹದಲ್ಲಿ! ನೀವು ನಗಬಹುದು. ನಾನೂ ಬಹಳ ದಿನ ನಕ್ಕಿದ್ದೇನೆ. ಪಕ್ಕದ ಮನೆಯ ಮರಾಠಿ ಅಜ್ಜಿ ಮೊದಲ ಸಲ ಆ ಅರ್ಜಿ ನೋಡಿ ನಗುತ್ತಲೇ ಸಹಿ ಹಾಕಿದ್ದರು. ಮರುವರ್ಷ ಕಾಕಾ ಮತ್ತೊಂದು ಅರ್ಜಿ ಹಿಡಿದು ಬಂದಾಗ ಅವರಿಗೆ ತಲೆಬುಡ ತಿಳಿಯಲಿಲ್ಲ. ಮೊಳೆ ಹಳೆಯದೇ, ಆದರೆ ಈ ವರ್ಷದ ಕ್ಯಾಲೆಂಡರಿನ ತೂಕ ಜಾಸ್ತಿ ಎಂದು ಕಾಕಾ ಮರಾಠಿಯಲ್ಲಿ ಸಮಾಧಾನವಾಗಿ ವಿವರಿಸಿದರು.

ಕಾಕಾ ಎಂದರೆ ನನ್ನ ತಂದೆಯ ಚಿಕ್ಕಪ್ಪನ ಮಗ. ಧಾರವಾಡದಿಂದ ಪುಣೆಗೆ ಬಂದು, ಒಂದು ಕಂಪನಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಬಿಬವೇವಾಡಿಯ ಒಂದೇ ಕಟ್ಟಡದಲ್ಲಿ ಅವರದು ಎರಡನೆಯ ಮಹಡಿ, ನನ್ನದು ಮೂರನೆಯದು. ಬಾಲ್ಕನಿಗೆ ಗಾಜು ಹಾಕಿಸಿ ಕೋಣೆ ಮಾಡಿಕೊಳ್ಳದ ಮನೆ ಇಡೀ ಕಟ್ಟಡದಲ್ಲಿ ಅವರದೊಂದೇ. ನನ್ನದೂ ಕೋಣೆಯಾಗಿದೆ. ಯಾರನ್ನು ಕೇಳಿದೆ? ಯಾರನ್ನೂ ಇಲ್ಲ! ಕಾಕಾ ಮೇಲೆ ಬರುತ್ತಾರೆಂದು ಗೊತ್ತಾದರೆ ನಾನು ಮೊದಲು ಆ ಕಡೆಯ ಪರದೆ ಎಳೆಯುತ್ತೇನೆ. ಅವರು ಪರದೆಗೆ ಬೆನ್ನು ಮಾಡಿ ಕೂತು ಚಹಾ ಕುಡಿಯುತ್ತಾರೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಒಮ್ಮೆ ಅವರ ಅಡುಗೆಮನೆಯ ಕಟ್ಟೆ ದುರಸ್ತಿಗೆಂದು ನಾನೇ ಒಬ್ಬ ಗೌಂಡಿಯನ್ನು ಕಳಿಸಿದ್ದೆ. ಕಾಕಾ ಅವನನ್ನು ಬಾಗಿಲಲ್ಲೇ ನಿಲ್ಲಿಸಿ, ಕಟ್ಟಡದ ಸೊಸೈಟಿಯ ಪತ್ರ ನೋಡಿದೆಯಾ, ಕೆಳಗಿನ ಮನೆಯವರಿಗೆ ತಿಳಿಸಿದೆಯಾ, ಒಡೆದ ಇಟ್ಟಿಗೆ ಎಲ್ಲಿ ಸುರಿಯುತ್ತೀ ಎಂದು ಒಂದರ ಮೇಲೊಂದು ಕೇಳಿದರು. ಆತ ಇವರು ಯಾರೋ ದೊಡ್ಡ ಸಾಹೇಬರೇ ಇರಬೇಕೆಂದು ಗಾರೆ ಮೆತ್ತುವ ಕರಣಿಯನ್ನು ಅಲ್ಲೇ ಬಿಟ್ಟು ಮೆಟ್ಟಿಲಿಳಿದು ಓಡಿದ! ಕಾಕಾ ಎರಡು ದಿನ ಓಣಿ ಓಣಿ ಅಲೆದು ಅವನನ್ನು ಹುಡುಕಿ ಕರಣಿ ಕೊಟ್ಟರು. ಮುಟ್ಟಿತೆಂದು ಸಹಿ ಹಾಕಿಸಿಕೊಂಡೇ ಬಂದರು.

ನನ್ನ ನಗು ನಿಂತದ್ದು ಕಾಕಾರ ಹೆಂಡತಿ ಕಾಕು ಬಿದ್ದು ಸೊಂಟದ ಎಲುಬು ಮುರಿದುಕೊಂಡಾಗ. ಆಪರೇಷನ್ ಆಯಿತು, ವಾಕರ್ ಬಂತು. ವಾಕರ್ ಮನೆಯೆಲ್ಲ ಸರಾಗ ಓಡಾಡಿತು, ಬಚ್ಚಲಮನೆಯ ಬಾಗಿಲಲ್ಲಿ ಮಾತ್ರ ನಾಲ್ಕು ಬೆರಳಿನಷ್ಟು ಅಗಲ ಸಾಲದೆ ಸಿಕ್ಕಿಹಾಕಿಕೊಂಡಿತು. ಹಾಗಾಗಿ ಅದನ್ನು ಹೊರಗೇ ಬಿಟ್ಟು ಕಾಕಾರ ಕೈ ಹಿಡಿದು ಒಳಗೆ ಹೋಗಬೇಕು. ಬಾಗಿಲು ತೆರೆದೇ ಇರಬೇಕು, ಕಾಕಾ ಅಲ್ಲೇ ಬೆನ್ನು ತಿರುಗಿಸಿ ನಿಂತಿರಬೇಕು. ಕಾಕು ನನ್ನೆದುರು ಕಣ್ಣೀರು ಹಾಕಿದರು. "ನೋವ ತಡೀತೀನವಾ. ಇದನ್ನ ತಡ್ಯಾಕ ಆಗವಲ್ದು. ಬಾಗಲಾ ಹಾಕ್ಕೊಂಡು ಒಬ್ಬಾಕಿನ ಒಳಗ ಹೋಗೂ ಹಂಗ ಆದ್ರ ಸಾಕು."

ನಾನು ಕಾಕಾರಿಗೆ ಹೇಳಿದೆ, "ಅರ್ಧಾ ದಿವಸದ ಕೆಲಸ ಕಾಕಾ. ಚೌಕಟ್ಟು ಕಿತ್ತು ಅರ್ಧಾ ಫೂಟು ಗ್ವಾಡಿ ಒಡದ್ರ ಮುಗೀತು."

"ಹೌದವಾ, ಅಷ್ಟs ಕೆಲಸ. ಪರವಾನಗಿ ತೊಗೊಂಡು ಬರ್ತೀನಿ," ಎಂದರು ಕಾಕಾ!

ಆ ಗೋಡೆಯ ಮೇಲೆ ಕಟ್ಟಡದ ಭಾರವಿಲ್ಲ ಎಂದು ಇಂಜಿನಿಯರರಿಂದ ಬರೆಸಿಕೊಂಡರು. ಸೊಸೈಟಿಯ ಪತ್ರ ಪಡೆದರು. ಒಂದು ಸೋಮವಾರ ಎಲ್ಲವನ್ನೂ ಮಹಾನಗರಪಾಲಿಕೆಯ ಕಚೇರಿಗೆ ಒಯ್ದರು. ಗುಮಾಸ್ತ ನೋಡಿ, "ಕಾಕಾ, ಪರವಾನಗಿ ಲಾಗತ್ ನಾಹೀ," ಎಂದ. ಇಂಥ ಕೆಲಸಕ್ಕೆ ಪರವಾನಗಿ ಬೇಕಾಗಿಲ್ಲವಂತೆ! ಬೇರೆ ಯಾರಾದರೂ ಆಗಿದ್ದರೆ ಕುಣಿಯುತ್ತ ಮನೆಗೆ ಬರುತ್ತಿದ್ದರು. ಕಾಕಾ, ಹಾಗಾದರೆ ಬೇಕಾಗಿಲ್ಲವೆಂದೇ ಬರೆದುಕೊಡಿ ಎಂದರು. ಪರವಾನಗಿ ಕೊಡುವ ಕಾಗದ ಅಲ್ಲಿತ್ತು, ಕೊಡದಿರುವ ಕಾಗದವೂ ಇತ್ತು. ಬೇಕಾಗಿಲ್ಲ ಎನ್ನುವ ಕಾಗದ ಮಾತ್ರ ಆ ಕಚೇರಿಯಲ್ಲಿ ಇನ್ನೂ ಹುಟ್ಟಿರಲಿಲ್ಲ.

ಪುಣೆಯ ಹೆಂಗಸರು ಶಿವನಿಗೆ ಹದಿನಾರು ಸೋಮವಾರದ ವ್ರತ ಹಿಡಿಯುತ್ತಾರೆ. ಕಾಕಾ, ಪ್ರತಿ ಸಲವೂ ಮುಂದಿನ ಸೋಮವಾರ ಬನ್ನಿ ಎನ್ನುತ್ತಿದ್ದ ಆ ಕಚೇರಿಗೆ ಹಿಡಿದರು. ಸರತಿ ತಪ್ಪೀತೆಂದು ಊಟಕ್ಕೂ ಏಳುತ್ತಿರಲಿಲ್ಲವಾದ್ದರಿಂದ ಉಪವಾಸವೂ ತಾನಾಗಿಯೇ ನಡೆಯಿತು! ಮೂರನೆಯ ಸೋಮವಾರ ಪಕ್ಕದಲ್ಲಿ ಕೂತವರಿಗೆ ಪೆನ್ನು ಕೊಟ್ಟರು. ಐದನೆಯ ಸೋಮವಾರದ ಹೊತ್ತಿಗೆ ಅವರ ಅರ್ಜಿಗಳನ್ನೂ ತುಂಬಿಕೊಡುತ್ತಿದ್ದರು. ಎಂಟನೆಯ ಸೋಮವಾರ ಒಂದು ಫೈಲು ಕಳೆದಾಗ ಗುಮಾಸ್ತನೇ ಬಂದು ಕಾಕಾರನ್ನು ಕೇಳಿದ. ಅದು ಯಾವ ಕಪಾಟಿನ ಮೇಲಿದೆ ಎಂದು ಅವರು ಕೂತಲ್ಲಿಂದಲೇ ಹೇಳಿದರು.

ಒಂದು ಸೋಮವಾರ ನಾನೇ ಹೋಗಿ ನೋಡಿದೆ. ಬೆಂಚಿನ ಮೇಲೆ ಕಾಕಾ, ಸುತ್ತಲೂ ಜನ. ಹೊಸದಾಗಿ ವರ್ಗವಾಗಿ ಬಂದ ಅಧಿಕಾರಿ ಇವರನ್ನು ಕಂಡು ಕುರ್ಚಿಯಿಂದ ಏಳುತ್ತಿದ್ದರು! ಕಾಕಾರ ಮುಖದಲ್ಲಿ ಸಿಟ್ಟಿಲ್ಲ, ಬೇಸರವಿಲ್ಲ. ಒಬ್ಬರನ್ನೂ ದಾಟಿ ಮುಂದೆ ಹೋಗಲಿಲ್ಲ, ಯಾರ ಶಿಫಾರಸನ್ನೂ ಹಿಡಿಯಲಿಲ್ಲ. ಹತ್ತು ನಿಮಿಷ ಸರತಿಯಲ್ಲಿ ನಿಂತರೆ ಜಗಳ ತೆಗೆಯುವ ನಾನು ಬೆರಗಾಗಿ ಬಾಗಿಲಲ್ಲೇ ನಿಂತುಬಿಟ್ಟೆ.

ಬೆರಗು ಬೆರಗೇ, ಕಾಕುವಿನ ಕಷ್ಟ ಕಷ್ಟವೇ. ಮುಂದಿನ ಸೋಮವಾರ ಕಾಕಾ ಅತ್ತ ಹೋದ ಮೇಲೆ ಅದೇ ಗೌಂಡಿಯನ್ನು ಕರೆತಂದೆ. ಸಾಹೇಬರು ಮನೆಯಲ್ಲಿಲ್ಲವೆಂದು ನನ್ನಿಂದ ಆಣೆ ಮಾಡಿಸಿಕೊಂಡೇ ಅವನು ಮೆಟ್ಟಿಲು ಹತ್ತಿದ. ಅವನು ಸುತ್ತಿಗೆ ತೆಗೆಯುವುದಕ್ಕೂ ಕಾಕು ಬಂದು ಬಚ್ಚಲ ಬಾಗಿಲಿಗೆ ವಾಕರ್ ಅಡ್ಡ ಇಟ್ಟು ನಿಲ್ಲುವುದಕ್ಕೂ ಸರಿಹೋಯಿತು.

"ಕೈ ಹಚ್ಚಬ್ಯಾಡ!"

"ಕಾಕು, ನಿಮ್ಮ ಸಲುವಾಗೇ ಅಲ್ಲೇನ್ರಿ?"

"ಅವರೂ ನನ್ನ ಸಲುವಾಗೇ ಅಲ್ಲೆ ಕೂತಾರವಾ." ಕಾಕು ಉಸಿರು ಹಿಡಿದುಕೊಂಡು ಹೇಳಿದರು. "ಮದುವಿ ಆದ ಹೊಸದಾಗಿ ಸದಾಶಿವ ಪೇಠದಾಗ ನಮಗ ಒಂದs ಖೋಲಿ. ಅಡಗಿಗೆ ಜಾಗಾ ಇಲ್ಲಂತ ಇವರು ಯಾರನ್ನೂ ಕೇಳಲಾರದ ಹಿತ್ತಲದಾಗ ತಗಡು ಹಾಕಿ ನನಗೊಂದು ಅಡಗೀಮನಿ ಕಟ್ಟಿಕೊಟ್ರು. ಎಂಟು ದಿನಕ್ಕ ಮುನ್ಸಿಪಾಲಿಟಿ ಮಂದಿ ಬಂದು ಕೆಡವಿದ್ರು. ಅವರದೇನ ತಪ್ಪು, ಕೇಳಲಾರದ ಕಟ್ಟಿದ್ದು ನಾವು. ಒಲಿ ಮ್ಯಾಲೆ ಅನ್ನ ಕುದೀತಿತ್ತು. ಪಾತೇಲಿ ಸೆರಗಿಲೆ ಹಿಡಕೊಂಡು ಎಲ್ಲಾರ ಮುಂದ ಅಂಗಳದಾಗ ನಿಂತಿದ್ದೆ. ಇವರು ಅವತ್ತು ಅಂದ್ರು, ಇನ್ನ ನಿನ್ನ ಮನಿಗೆ ಯಾರೂ ಕೈ ಹಚ್ಚಲಾರದಂಗ ಮಾಡ್ತೀನಿ ಅಂತ. ಇಷ್ಟು ವರ್ಷ ಮಾಡ್ಯಾರ. ನಾನು ನಾಕು ಸೋಮವಾರ ತಡಕೊಳ್ಳೂದಿಲ್ಲೇನು?"

ನಾನು ಗೌಂಡಿಯನ್ನು ಕಳಿಸಿಬಿಟ್ಟೆ. ಇಷ್ಟು ವರ್ಷ ಏನು ನೋಡಿ ನಗುತ್ತಿದ್ದೆನೋ ಎಂದು ನಾಚಿಕೆಯಾಯಿತು.

ಹದಿನಾಲ್ಕನೆಯ ಸೋಮವಾರ ಹೊಸ ಅಧಿಕಾರಿ ಕಾಕಾರ ಅರ್ಜಿಯ ಮೇಲೆಯೇ ಬರೆದರು: ಒಳಗಿನ ಸಣ್ಣ ದುರಸ್ತಿ, ಪರವಾನಗಿ ಬೇಕಾಗಿಲ್ಲ. ಕೆಳಗೆ ಸಹಿ, ಕಚೇರಿಯ ಮೊಹರಿನ ದುಂಡನೆಯ ಶಿಕ್ಕಾ! ಅಂಥ ಕಾಗದ ಹೇಗಿರುತ್ತದೆಂದು ನೋಡಲು ಇಡೀ ಕಚೇರಿ ಎದ್ದು ಬಂತಂತೆ. ಶಿವ ಕೂಡ ಹದಿನಾರು ಕೇಳುತ್ತಾನೆ, ಕಾಕಾ ಹದಿನಾಲ್ಕರಲ್ಲೇ ಮುಗಿಸಿದರು. ಗೌಂಡಿ ಆ ಶಿಕ್ಕಾ ಕಣ್ಣಾರೆ ನೋಡಿದ ಮೇಲೆಯೇ ಒಳಗೆ ಕಾಲಿಟ್ಟ.

ಗೋಡೆ ಒಡೆದು, ಹೊಸ ಚೌಕಟ್ಟು ಕೂಡಿಸಿ, ಸಿಮೆಂಟು ಒಣಗಿದ ದಿನ ನಾನೂ ಅಲ್ಲಿದ್ದೆ. ಕಾಕು ವಾಕರ್ ಹಿಡಿದು ಎಲ್ಲಿಯೂ ತಡೆಯದೆ ಒಳಗೆ ಹೋದರು. ಕಾಕಾ ರೂಢಿಯಂತೆ ಹೊರಗೆ ಬೆನ್ನು ತಿರುಗಿಸಿ ನಿಂತರು. ಬಾಗಿಲು ಮೆಲ್ಲಗೆ ಮುಚ್ಚಿತು. ಒಳಗಿನಿಂದ ಚಿಲಕ ಹಾಕಿದ ಸದ್ದಾಯಿತು. ಕಾಕಾರ ಕಣ್ಣು ತುಂಬಿ ಬಂತು.

"ಇನ್ನ ಯಾಕ ನಿಂತೀರಿ ಅಲ್ಲೆ? ಹೋಗ್ರಿ," ಎಂದರು ಒಳಗಿನಿಂದ ಕಾಕು.

"ಹೊಂಟೆ, ಹೊಂಟೆ," ಎಂದರು ಕಾಕಾ. ಹೋಗಲಿಲ್ಲ.