ನೀಲವ್ವನ ಪಾಳಿ

ಆಯುಧ, ಯಂತ್ರಗಳನ್ನು ಪೂಜಿಸುವ ಖಂಡೇಪೂಜೆಯ ದಿನ ಬೆಳಗ್ಗೆ ಬೆಟಗೇರಿಯ ಮುರಿಗೆಪ್ಪ ಮಾಸ್ತರು ತಮ್ಮ ಹೊಸ ಯಂತ್ರವನ್ನು ಹೆಂಡತಿಯ ಮುಂದೆ ಪ್ರದರ್ಶನಕ್ಕಿಟ್ಟರು. ನಿವೃತ್ತರಾದ ವಿಜ್ಞಾನದ ಮಾಸ್ತರಿಗೆ ಶಾಲೆಯ ಮಕ್ಕಳು ಕೈತಪ್ಪಿದ ಮೇಲೆ ಉಳಿದಿದ್ದ ಕೇಳುಗರೆಂದರೆ ನೀಲವ್ವ ಒಬ್ಬಳೇ. ಅವಲಕ್ಕಿ ಡಬ್ಬಿಯಷ್ಟು ದೊಡ್ಡ ಆ ಪೆಟ್ಟಿಗೆಗೆ ‘ನವಚೇತನ’ ಎಂದು ಹೆಸರು. ಮನೆಯ ಯಾವ ಉಪಕರಣದ ಚಿಪ್ಪಿಗೆ ಅದರ ಕೊಂಡಿ ಹಚ್ಚಿದರೂ ಹಳೆಯ ಬುದ್ಧಿ ತೆಗೆದು ಹೊಸ ಬುದ್ಧಿ ತುಂಬುತ್ತದಂತೆ!

“ಕಂಪ್ಯೂಟರ್ ಎದ್ದಕೂಡಲೇ ನಾ ಯಾರು, ನನ್ನ ಕೈಕಾಲು ಎಲ್ಲೆದಾವ ಅಂತ ನೆನಪು ಮಾಡಿಕೊಡೋ ಚಿಪ್ಪು ಒಂದಿರತೈತಿ. ಬಯಾಸ್ ಅಂತಾರ. ನಿಂದು ಹಳೇದಾಗೇತಿ,” ಎಂದು ಮಾಸ್ತರು ನೀಲವ್ವನ ಕಂಪ್ಯೂಟರಿಗೆ ಕೊಂಡಿ ಹಚ್ಚಿಯೇಬಿಟ್ಟರು.

“ಹಳೇದಾದ್ರೂ ನಡದೈತಲ್ರೀ?” ಎಂದು ನೀಲವ್ವ ಕೇಳಿದ್ದು ಅವರ ಕಿವಿಗೆ ಬೀಳಲಿಲ್ಲ.

ಆ ಕಂಪ್ಯೂಟರಿನಲ್ಲಿ ಅವಳ ಒಂಬತ್ತು ವರ್ಷ ಇತ್ತು. ನೇಕಾರರ ಮನೆಯ ಮಗಳು ಅವಳು. ಓಣಿ ಓಣಿ ತಿರುಗಿ, ಹನ್ನೊಂದು ಮುದುಕಿಯರ ಬಾಯಿಂದ ಸೀರೆಯ ಅಂಚುಗಳ ಹೆಸರು, ನೇಯುವ ಬಗೆ ಕೇಳಿ ಬರೆದು ಪುಸ್ತಕ ಕಟ್ಟಿದ್ದಳು. ಆ ಮುದುಕಿಯರಲ್ಲಿ ಒಂಬತ್ತು ಮಂದಿ ಈಗಿಲ್ಲ. ಕೈಬರಹದ ನೋಟುಬುಕ್ಕುಗಳನ್ನು ಮಾಸ್ತರು ಹೋದ ವರ್ಷವೇ ರದ್ದಿಗೆ ಹಾಕಿದ್ದರು. ಎಲ್ಲಾ ಕಂಪ್ಯೂಟರಿನಲ್ಲಿದೆಯಲ್ಲ ಎಂಬುದು ಅವರ ವಾದ. ಸಾಲದ್ದಕ್ಕೆ ಕಳ್ಳರ ಭಯವೆಂದು, ಆ ಚಿಪ್ಪಿಗಲ್ಲದೆ ಇನ್ಯಾವುದಕ್ಕೂ ತೆರೆಯದಂತೆ ಡಿಸ್ಕಿಗೆ ಬೀಗವನ್ನೂ ಹಾಕಿದ್ದರು. ಇಂಥ ಯಜಮಾನರಿದ್ದ ಮನೆಗೆ ಕಳ್ಳ ಬೇರೆ ಬರುವ ಅಗತ್ಯವಿರಲಿಲ್ಲ.

ಪರದೆಯ ಮೇಲೆ ಶೇಕಡಾ ಅರವತ್ತು ಕಾಣುವಾಗ ಮಾಸ್ತರು ಬಾಳೆಕಂಬ ತರಲು ಹೋದರು. ನಡುವೆ ಆರಿಸಬಾರದು ಎಂದು ಪರದೆ ಇಂಗ್ಲಿಷಿನಲ್ಲಿ ಹೇಳುತ್ತಿತ್ತು. ಕನ್ನಡದಲ್ಲಿ ಹೇಳಬೇಕಾದವರು ಹೇಳಿ ಹೋಗಿರಲಿಲ್ಲ. ನೀಲವ್ವ ಪೂಜೆಯ ತಟ್ಟೆ ತಂದಳು. ಅವಳ ತವರಿನಲ್ಲಿ ನಡೆಯುತ್ತಿರುವ ಮಗ್ಗಕ್ಕೆ ಯಾರೂ ವಿಭೂತಿ ಹಚ್ಚುತ್ತಿರಲಿಲ್ಲ. ವರ್ಷವಿಡೀ ದುಡಿದದ್ದು ಇವತ್ತೊಂದು ದಿನ ಮಲಗಲಿ ಎಂದು ನಿಲ್ಲಿಸಿ, ಆಮೇಲೆ ಕೈಮುಗಿಯುತ್ತಿದ್ದರು. ಅವಳೂ ಹಾಗೆಯೇ ಗುಂಡಿ ಒತ್ತಿ ಆರಿಸಿದಳು, ವಿಭೂತಿ ಹಚ್ಚಿದಳು, ಹೂ ಏರಿಸಿದಳು.

ಕಂಪ್ಯೂಟರು ಮತ್ತೆ ಏಳಲಿಲ್ಲ.

ಮಾಸ್ತರು ಬಂದು, ಇಷ್ಟೂ ತಿಳಿಯುವುದಿಲ್ಲವೇ ಎಂದು ಕೂಗಾಡಿದರು. ನೀಲವ್ವನಿಗೆ ಆ ಒಂಬತ್ತು ಮುದುಕಿಯರನ್ನು ಎರಡನೇ ಸಲ ಮಣ್ಣು ಮಾಡಿದಂತಾಗಿತ್ತು. ಅದೂ ತನ್ನದೇ ಕೈಯಾರೆ. ಗಂಡನ ಮೇಲೆ ಬಂದ ಸಿಟ್ಟು ತನ್ನ ಮೇಲಿನ ಸಿಟ್ಟಿನ ಜೊತೆ ಕಲಸಿಹೋಯಿತು.

ಬದುಕಿರುವ ಚಿಪ್ಪಿನ ನೆನಪನ್ನು ಸತ್ತ ಚಿಪ್ಪಿಗೆ ತುಂಬಿದರೆ ಮುಗಿಯಿತು ಎಂದು ಮಾಸ್ತರು ಧೈರ್ಯ ಹೇಳಿದರು. ಮೊದಲು ವಾಷಿಂಗ್ ಮೆಷಿನ್ನಿನ ನೆನಪು ತುಂಬಿದರು. ಕಂಪ್ಯೂಟರು ಎದ್ದು, ನಲ್ಲಿ ಬಿಡಿ ಎಂದು ಬರೆದು, ಗರಗರನೆ ನಡುಗುತ್ತ ಮೇಜಿನ ಅಂಚಿಗೆ ಬಂದು ನಿಂತಿತು! ಆಮೇಲೆ ಮೈಕ್ರೋವೇವಿನದು. ಅದು ಮೂರು ಸಲ ಕುಂಯ್‌ಗುಟ್ಟಿ ಸಿಡಿಯ ತಟ್ಟೆಯನ್ನು ಬಿಸಿಬಿಸಿಯಾಗಿ ಹೊರಚಾಚಿತು. ಕೊನೆಗೆ, ಮುಚ್ಚಿಹೋದ ಯಾವುದೋ ಬ್ಯಾಂಕಿನಿಂದ ಗುಜರಿಗೆ ಬಂದು ಇವರ ಅಟ್ಟ ಸೇರಿದ್ದ, ಗಿರಾಕಿಗಳ ಸರದಿ ಕೂಗುವ ಟೋಕನ್ ಯಂತ್ರ ಕೆಳಗಿಳಿಯಿತು.

ಅದರ ನೆನಪು ತುಂಬಿದ್ದೇ ಕಂಪ್ಯೂಟರು ಎದ್ದಿತು. ಪರದೆಯ ಮೇಲೆ ನೀಲವ್ವನ ಪುಸ್ತಕದ ಹೆಸರೂ ಮೂಡಿತು. ಅವಳು ಅದನ್ನು ಒತ್ತಿದಳು.

“ನಿಮ್ಮ ಟೋಕನ್ ಸಂಖ್ಯೆ ನಾಲ್ಕು ಸಾವಿರದ ಹನ್ನೆರಡು. ಈಗ ನಡೆಯುತ್ತಿರುವ ಸಂಖ್ಯೆ ಒಂದು. ದಯವಿಟ್ಟು ಕುಳಿತುಕೊಳ್ಳಿ,” ಎಂದಿತು ಒಂದು ಹೆಣ್ಣುದನಿ.

ಮರುದಿನ ಹನ್ನೊಂದು ಗಂಟೆಗೆ ಅದು ಎರಡು ಎಂದಿತು. ಅದರ ಮರುದಿನ ಮೂರು. ನಡುವೆ ಒತ್ತಿದರೆ ಊಟದ ವೇಳೆ ಎನ್ನುತ್ತಿತ್ತು. ಆರಿಸಿದರೆ ಎಣಿಕೆ ಮತ್ತೆ ಒಂದರಿಂದ ಶುರುವಾಗುತ್ತದೆ ಎಂದು ಮಾಸ್ತರು ಎಚ್ಚರಿಸಿದರು. ಈ ಸಲ ಕನ್ನಡದಲ್ಲೇ. “ಮುಂದಕ ಹೊಂಟೈತಲ್ಲ,” ಎಂದು ಸಮಾಧಾನವನ್ನೂ ಹೇಳಿದರು. ನೀಲವ್ವ ಲೆಕ್ಕ ಹಾಕಿದಳು. ಹನ್ನೊಂದು ವರ್ಷ. ಅವಳಿಗಾಗಲೇ ಅರವತ್ತಮೂರು.

ಮುಂದಿನ ಖಂಡೇಪೂಜೆಗೆ ಮಾಸ್ತರು ತಾವೇ ತಟ್ಟೆ ಹಿಡಿದು ಬಂದರು. ನಡೆಯುತ್ತಿರುವುದಕ್ಕೆ ಪೂಜೆ ಸಲ್ಲದೆಂದು ಹೆಂಡತಿಯಿಂದ ಕಲಿತಿದ್ದ ಅವರು ಗುಂಡಿಯತ್ತ ಕೈ ಚಾಚಿದರು.

“ಮುಟ್ಟಬ್ಯಾಡ್ರಿ,” ಎಂದು ನೀಲವ್ವ ಅವರ ಕೈ ಹಿಡಿದಳು. “ನನ್ನ ಪಾಳಿ ತಪ್ಪತೈತಿ.”

ಹನ್ನೊಂದು ಹೊಡೆಯಿತು. ಹೆಣ್ಣುದನಿ ಮುನ್ನೂರ ಐವತ್ತಾರು ಎಂದಿತು. ನೀಲವ್ವ ಕುರ್ಚಿಯನ್ನು ಒಂದು ಗೇಣು ಮುಂದಕ್ಕೆ ಎಳೆದುಕೊಂಡಳು.