ಸರಿತೂಕದ ಕಳ್ಳತನ

ಬೇರೆಯವರು ಪೆಟ್ಟಿಗೆ ತುಂಬುವಾಗ ಕೈಕಟ್ಟಿ ಕೂರುವುದು ಈ ಜನ್ಮದಲ್ಲಿ ನನ್ನಿಂದ ಆಗದ ಕೆಲಸ. ಮನೆಯಲ್ಲಿ ಯಾರಾದರೂ ಪ್ರಯಾಣ ಹೊರಟರೆಂದರೆ ನನ್ನ ಬೆರಳುಗಳಿಗೆ ತುರಿಕೆ ಶುರುವಾಗುತ್ತದೆ. ಮದುವೆಯಾದ ಹೊಸತರಲ್ಲಿ ಹೆಂಡತಿ ತವರಿಗೆ ಹೊರಟಾಗ ಅವಳು ತುಂಬಿಟ್ಟ ಟ್ರಂಕನ್ನು ಬಿಚ್ಚಿ, ಸೀರೆಗಳನ್ನೆಲ್ಲ ಇನ್ನೂ ಒಪ್ಪವಾಗಿ ಜೋಡಿಸಿ, ರವಿಕೆಗಳನ್ನು ಮಾತ್ರ ಮಂಚದ ಮೇಲೆ ಮರೆತಿದ್ದೆ. ಅವಳು ಹದಿನೈದು ದಿನ ಅತ್ತಿಗೆಯ ಸಡಿಲ ರವಿಕೆ ತೊಟ್ಟು ತಿರುಗಿ, ವಾಪಸು ಬಂದ ಮೇಲೆ ಒಂದು ತಿಂಗಳು ನನ್ನೊಡನೆ ಮಾತು ಬಿಟ್ಟಳು. ಬುದ್ಧಿ ಆಗಲೇ ಬರಬೇಕಿತ್ತು. ಬರಲಿಲ್ಲ. ಅದು ಬಂದದ್ದು ಕಳೆದ ತಿಂಗಳು, ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ನೆದರ್ಲೆಂಡ್ಸ್‌ನ ವೂರ್‌ಬರ್ಗ್‌ನಲ್ಲಿ ಮಗಳ ಮನೆಯ ಸೋಫಾದ ಮೇಲೆ ಕೂತು ಆಫ್ರಿಕಾದ ಕೆಲವು ಬಸುರಿಯರಿಗೆ ಅನ್ಯಾಯ ಮಾಡಿದ ಮೇಲೆ.

ನನ್ನ ಮೊಮ್ಮಗಳು ಅನಘ ಇಲ್ಲಿ ನರ್ಸಿಂಗ್ ಓದುತ್ತಾಳೆ. ಅವಳ ಕಾಲೇಜಿನಲ್ಲಿ ಕ್ರೈಸ್ತ ವಿದ್ಯಾರ್ಥಿಗಳ ಒಂದು ತಂಡವಿದೆ. ಪ್ರತಿ ವರ್ಷ ಬೇಸಿಗೆಯ ರಜೆಯಲ್ಲಿ ಅವರು ಆಫ್ರಿಕಾದ ಮಲಾವಿ ದೇಶಕ್ಕೆ ಹೋಗಿ ಮೂರು ವಾರ ಹಳ್ಳಿಗಳಲ್ಲಿ ಆರೋಗ್ಯ ತಪಾಸಣೆ ಮಾಡುತ್ತಾರೆ. ಬೆಳಿಗ್ಗೆ ಪ್ರಾರ್ಥನೆ, ಆಮೇಲೆ ಸಂಜೆಯವರೆಗೆ ರೋಗಿಗಳು. ಈ ಸಲ ಕೈ ಸಾಲದೆ ಅನಘಳನ್ನೂ ಕರೆದರು. ಇವಳು ಕೂಡಲೇ ಒಪ್ಪಿದಳು. ನಾನು ಮೂರು ದಿನ ಮುಖ ಊದಿಸಿಕೊಂಡು ತಿರುಗಿದೆ. ಸಸ್ಯಾಹಾರಿ ಹುಡುಗಿ, ಅಲ್ಲಿ ಏನು ತಿನ್ನುತ್ತಾಳೆ ಎಂದು ಬಾಯಲ್ಲಿ ಹೇಳುತ್ತಿದ್ದೆ. ಮನಸ್ಸಿನಲ್ಲಿದ್ದದ್ದು ಬೇರೆ. ಹೋದವಳು ಹಾಗೇ ಇಗರ್ಜಿ ಸೇರಿಬಿಟ್ಟರೆ ಊರಿನಲ್ಲಿ ಹೇಗೆ ಮುಖ ತೋರಿಸುವುದು ಎಂಬ ಚಿಂತೆ. ಮಗಳು ವಿದ್ಯಾ ಇದನ್ನು ಮೂಸಿದಳು. "ಅಪ್ಪ, ನಾನು ಹುಟ್ಟಿದ್ದೇ ಮಿಷನ್ ಆಸ್ಪತ್ರೆಯಲ್ಲಿ. ಅಮ್ಮ ಅಲ್ಲಿ ಹತ್ತು ದಿನ ಅವರ ಗಂಜಿ ಕುಡಿದು, ಮನೆಗೆ ಬಂದವಳೇ ಸತ್ಯನಾರಾಯಣ ಪೂಜೆ ಮಾಡಿಸಲಿಲ್ಲವಾ?" ಎಂದಳು. ನನ್ನ ಬಾಯಿ ಮುಚ್ಚಿತು. ಆದರೆ ಬಾಯಿ ಮುಚ್ಚಿದರೆ ಕೈ ಶುರುವಾಗುತ್ತದೆ, ಅದೇ ತೊಂದರೆ.

ಹೊರಡುವ ಹಿಂದಿನ ದಿನ ಬೆಳಿಗ್ಗೆ ಮಾರೈಕೆ ಎಂಬ ಡಚ್ ಹುಡುಗಿ ಸೈಕಲ್ಲಿನಲ್ಲಿ ಬಂದಳು. ಅನಘಳ ಸಹಪಾಠಿ. ಸಾಮಾನಿನ ಪಟ್ಟಿಯೆಲ್ಲ ಅವಳ ಜವಾಬ್ದಾರಿ. ಪ್ರತಿಯೊಬ್ಬರ ಪೆಟ್ಟಿಗೆಯಲ್ಲೂ ಅರ್ಧ ಸ್ವಂತ ಬಟ್ಟೆ, ಅರ್ಧ ವೈದ್ಯಕೀಯ ಸಾಮಾನು. ಅನಘಳ ಪಾಲಿಗೆ ಬಂದದ್ದು ನಾಲ್ಕು ಬಿ.ಪಿ. ಯಂತ್ರ ಮತ್ತು ಒಂದಷ್ಟು ಬ್ಯಾಂಡೇಜು. ಮಾರೈಕೆ ಒಂದೊಂದನ್ನೂ ಮುಟ್ಟಿ ಪಟ್ಟಿಯಲ್ಲಿ ಗುರುತು ಹಾಕಿ, ಕೊನೆಗೆ ಪೆಟ್ಟಿಗೆಯನ್ನು ಕೊಕ್ಕೆಯ ತಕ್ಕಡಿಗೆ ನೇತುಹಾಕಿ ತೂಕ ಬರೆದುಕೊಂಡಳು. ಇಪ್ಪತ್ತೆರಡು ಕಿಲೋ ಎಂಟುನೂರು ಗ್ರಾಂ. ನನಗೆ ಹುಡುಗಿಯ ಮೇಲೆ ಗೌರವ ಮೂಡಿತು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಕಾಪುವಿನ ಸೊಸೈಟಿಯಲ್ಲಿ ಮೂವತ್ತನಾಲ್ಕು ವರ್ಷ ಅಕ್ಕಿ ಸಕ್ಕರೆ ತೂಗಿದವನು. ಅನಘ ಅದನ್ನು ಅವಳಿಗೆ ಹೇಳಿದಾಗ ಅವಳು ಎದ್ದು ಬಂದು ನನ್ನ ಕೈ ಕುಲುಕಿದಳು.

ಮಧ್ಯಾಹ್ನ ತಾಯಿ ಮಗಳು ಸೊಳ್ಳೆಯ ಮುಲಾಮು ತರಲು ಪೇಟೆಗೆ ಹೋದರು. ಪೆಟ್ಟಿಗೆ ಮತ್ತು ನಾನು, ಇಬ್ಬರೇ. ತೆರೆದು ನೋಡಿದೆ. ತಿನ್ನುವಂಥದ್ದು ಏನೂ ಇಲ್ಲ. ನಾಲ್ಕು ಬಿ.ಪಿ. ಯಂತ್ರ ಏಕೆ ಬೇಕು? ನಮ್ಮೂರಿನ ಡಾಕ್ಟರು ಒಂದೇ ಯಂತ್ರದಲ್ಲಿ ಇಡೀ ಪೇಟೆಯ ಬಿ.ಪಿ. ನೋಡುತ್ತಿದ್ದರು. ಮೂರನ್ನು ಹೊರಗೆ ತೆಗೆದು ವಿದ್ಯಾ ಕೇಕಿಗೆ ಹಿಟ್ಟು ತೂಗುವ ತಕ್ಕಡಿಯ ಮೇಲಿಟ್ಟೆ. ಒಂದು ಕಿಲೋ ಮುನ್ನೂರ ಐವತ್ತು ಗ್ರಾಂ. ಅಷ್ಟೇ ತೂಕಕ್ಕೆ ಗೊಜ್ಜವಲಕ್ಕಿ, ಚಟ್ನಿಪುಡಿ, ಮಿಡಿ ಉಪ್ಪಿನಕಾಯಿ, ಉದ್ದಿನ ಹಪ್ಪಳ ಕಟ್ಟಿ ಅವಳ ಬಟ್ಟೆಗಳ ನಡುವೆ ತುರುಕಿದೆ. ಹತ್ತು ಗ್ರಾಂ ಹೆಚ್ಚಾಗಿತ್ತು. ಚಟ್ನಿಪುಡಿ ಒಂದು ಚಮಚ ತೆಗೆದು ಬಾಯಿಗೆ ಹಾಕಿಕೊಂಡೆ. ಮಿಡಿ ಉಪ್ಪಿನಕಾಯಿಯ ರುಚಿ ಹತ್ತಿದ ನಾಲಿಗೆ ನಮ್ಮ ದೇವರನ್ನು ಬಿಟ್ಟು ಎಲ್ಲಿಗೂ ಹೋಗಲಿಕ್ಕಿಲ್ಲ ಎಂಬುದು ನನ್ನ ಲೆಕ್ಕ. ಯಂತ್ರಗಳು ನನ್ನ ಕಪಾಟಿನಲ್ಲಿ ಮಂಕಿ ಟೋಪಿಯ ಕೆಳಗೆ ಹೋದವು. ಮರುದಿನ ವಿಮಾನ ನಿಲ್ದಾಣದಲ್ಲೂ ತೂಕ ಇಪ್ಪತ್ತೆರಡು ಎಂಟುನೂರೇ ಬಂತು. ಎಂಥ ಕೈ ನನ್ನದು ಎಂದು ಬೀಗಿದೆ.

ತಲುಪಿದ ಸಂಜೆ ಅನಘಳ ಮೆಸೇಜು ಬಂತು. ಎಲ್ಲರೂ ಗೊಜ್ಜವಲಕ್ಕಿ ತಿಂದರಂತೆ, ಮಾರೈಕೆ ಎರಡು ಸಲ ಹಾಕಿಸಿಕೊಂಡಳಂತೆ. ತೂಗಿದ ಮೇಲೆ ಪೆಟ್ಟಿಗೆ ತೆರೆದಿರಾ ಎಂದು ವಿದ್ಯಾ ನನ್ನನ್ನು ಕೇಳಿದಳು. ಇಲ್ಲ, ತೂಗುವ ಮೊದಲೇ ಇಟ್ಟಿದ್ದೆ ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಅದು ಸುಳ್ಳೆಂದು ಹೊಳೆದದ್ದು ಕಾಫಿ ಕುಡಿದು ಮುಗಿಸಿದ ಮೇಲೆ.

ಮರುದಿನ ಅನಘಳ ಫೋನು ಬಂದಾಗ ದನಿ ಬೇರೆಯಾಗಿತ್ತು. ಅವರು ಮೂರು ಗುಂಪಾಗಿ ಮೂರು ಹಳ್ಳಿಗೆ ಹೋಗಬೇಕಿತ್ತಂತೆ, ಗುಂಪಿಗೊಂದು ಯಂತ್ರ, ಒಂದು ಹೆಚ್ಚಿಗೆ. ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಒಂದೇ. ಎರಡು ಹಳ್ಳಿಗಳಲ್ಲಿ ಬಸುರಿಯರು ಬೆಳಕು ಹರಿಯುವ ಮೊದಲೇ ನಡೆದು ಬಂದು ಮರದ ಕೆಳಗೆ ಕೂತಿದ್ದರು. ಅವರಿಗೆ ಬಿ.ಪಿ. ಏರಿದರೆ ತಾಯಿಗೂ ಮಗುವಿಗೂ ಅಪಾಯ, ಮುಖ್ಯವಾಗಿ ನೋಡಬೇಕಾದದ್ದೇ ಅದು. ನೋಡಲಾಗದೆ ವಾಪಸು ಕಳಿಸಿದರು. ತಪ್ಪೆಲ್ಲ ಮಾರೈಕೆಯ ಮೇಲೆ ಬಂತು. ತೂಕ ಎರಡು ಕಡೆಯೂ ಒಂದೇ ಇದೆ, ಅಜ್ಜನ ತಿಂಡಿಯೂ ತೂಗುವ ಮೊದಲೇ ಇತ್ತಂತೆ, ಅಂದರೆ ದಾರಿಯಲ್ಲಿ ಯಾರೂ ತೆಗೆದಿಲ್ಲ, ಇವಳೇ ಯಂತ್ರ ಇಡದೆ ಪಟ್ಟಿಯಲ್ಲಿ ಗುರುತು ಹಾಕಿದ್ದಾಳೆ ಎಂದು ತಂಡದ ಮುಖ್ಯಸ್ಥರು ತೀರ್ಮಾನಿಸಿ ಪಟ್ಟಿಯನ್ನು ಅವಳ ಕೈಯಿಂದ ತೆಗೆದುಕೊಂಡಿದ್ದರು. ಅವಳು ಅಳುತ್ತಾ, ಹೌದು, ನಾನೇ ಮರೆತಿರಬೇಕು ಎಂದು ಒಪ್ಪಿಕೊಂಡಳಂತೆ. ನನ್ನ ತೂಕ ಐವತ್ತು ಗ್ರಾಂ ತಪ್ಪಿದ್ದರೂ ಆ ಹುಡುಗಿ ಉಳಿಯುತ್ತಿದ್ದಳು. ಬೆಳಗಿನ ಪ್ರಾರ್ಥನೆಯಲ್ಲಿ ಎಲ್ಲರೂ ಕೈಮುಗಿದು, ಯಂತ್ರಗಳು ಎಲ್ಲಿವೆಯೆಂದು ತೋರಿಸು ಎಂದು ಬೇಡಿಕೊಂಡರಂತೆ. ದೇವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಬಾಯಿ ಬಿಡದವರು ನಾವಿಬ್ಬರೇ.

ಎರಡು ದಿನ ನಾನು ಪಟ್ಟ ಪಾಡು ಕಳ್ಳನಿಗೂ ಬೇಡ. ವಿದ್ಯಾ ಕಪಾಟಿನ ಹತ್ತಿರ ಸುಳಿದರೆ ನಾನೂ ಹಿಂದೆಯೇ ಹೋಗಿ ನಿಲ್ಲುತ್ತಿದ್ದೆ. ಬಟ್ಟೆ ಮಡಿಸಿಡಲು ಬಂದವಳನ್ನು, ನಾನೇ ಇಟ್ಟುಕೊಳ್ಳುತ್ತೇನೆ ಎಂದು ತಡೆದೆ. ಅವಳು ವಿಚಿತ್ರವಾಗಿ ನೋಡಿದಳು, ಏಕೆಂದರೆ ನಾನು ಆ ಮನೆಯಲ್ಲಿ ಒಂದು ಕರ್ಚೀಫನ್ನೂ ಮಡಿಸಿದವನಲ್ಲ. ಕೊನೆಗೆ ಒಂದು ಉಪಾಯ ಹೊಳೆಯಿತು. ಯಂತ್ರಗಳನ್ನು ಚಪ್ಪಲಿ ಸ್ಟ್ಯಾಂಡಿನ ಹಿಂದೆ ಬೀಳಿಸಿದಂತೆ ಇಟ್ಟೆ. ವಿದ್ಯಾಳಿಗೆ ತಾನಾಗಿ ಸಿಗಲಿ, ಅಯ್ಯೋ ಇಲ್ಲೇ ಬಿದ್ದಿದ್ದವು ಎನ್ನಲಿ, ವಿಷಯ ಮುಗಿಯಲಿ. ಸಂಜೆ ಅವಳು ಕೆಲಸದಿಂದ ಬರುವ ಹೊತ್ತಿಗೆ ಬಾಗಿಲ ಬಳಿ ಕುರ್ಚಿ ಹಾಕಿ ಕೂತೆ. ಕೂತ ಮೇಲೆ ತಲೆ ಕೆಲಸ ಮಾಡಿತು. ಅವು ಮನೆಯಲ್ಲೇ ಸಿಕ್ಕರೆ ಮಾರೈಕೆ ಅವನ್ನು ಪೆಟ್ಟಿಗೆಗೆ ಹಾಕಲೇ ಇಲ್ಲವೆಂದು ಪಕ್ಕಾ ಆಗುತ್ತದೆ. ನಾನು ಅವಳನ್ನು ಬಿಡಿಸುತ್ತಿಲ್ಲ, ಮೊಳೆ ಹೊಡೆದು ಕೂರಿಸುತ್ತಿದ್ದೇನೆ. ಕೀಲಿಯ ಸದ್ದು ಕೇಳಿದಾಗ ಯಂತ್ರಗಳ ಮೂರೂ ಡಬ್ಬಿ ನನ್ನ ಶಾಲಿನೊಳಗೆ ಇದ್ದವು.

ಒಳಗೆ ಬರುತ್ತಲೇ ವಿದ್ಯಾಳ ಕೈಯಲ್ಲಿ ಫೋನು, ಫೋನಿನಲ್ಲಿ ಅನಘಳ ಮುಖ. ಅಜ್ಜನ ಹತ್ತಿರ ಮಾರೈಕೆಗೆ ಏನೋ ಕೇಳಬೇಕಂತೆ ಎಂದು ನನ್ನ ಮುಂದೆ ಹಿಡಿದಳು. ಹುಡುಗಿಯ ಕಣ್ಣು ಬಾತುಕೊಂಡಿತ್ತು. ಅವಳು ಡಚ್ಚಿನಲ್ಲಿ ಹೇಳಿದ್ದನ್ನು ಅನಘ ಕನ್ನಡ ಮಾಡಿದಳು. "ಅಜ್ಜ, ನೀವು ಅಷ್ಟು ವರ್ಷ ತೂಗುವ ಕೆಲಸ ಮಾಡಿದ್ದೀರಲ್ಲ. ಯಾವತ್ತಾದರೂ ದೊಡ್ಡ ತಪ್ಪು ಮಾಡಿದ್ದಿರಾ, ಮಾಡಿದ್ದರೆ ಮರುದಿನ ಕೆಲಸಕ್ಕೆ ಹೇಗೆ ಹೋದಿರಿ ಅಂತ ಕೇಳ್ತಿದ್ದಾಳೆ."

ನಾನು ಶಾಲು ಸರಿಸಿದೆ. ಮೂರು ಡಬ್ಬಿಗಳು ಮಡಿಲಲ್ಲಿ ಕಾಣಿಸಿದವು. "ಅವಳ ತಪ್ಪಲ್ಲ ಮಗಾ. ಅವಳು ಹೋದ ಮೇಲೆ ತೆಗೆದವನು ನಾನು" ಎಂದೆ.

ಅನಘ ಡಚ್ಚಿನಲ್ಲಿ ಹೇಳುತ್ತಾಳೆಂದು ಕಾದೆ. ಅವಳು ಹೇಳಲಿಲ್ಲ.

"ಇದನ್ನು ನಾನು ಹೇಳೋದಿಲ್ಲ ಅಜ್ಜ. ನೀವೇ ಹೇಳಿ."

ನನ್ನ ಇಂಗ್ಲಿಷು ಎಸ್ಸೆಸ್ಸೆಲ್ಸಿಯಲ್ಲಿ ಮೂವತ್ತೈದು ಅಂಕದ್ದು. ಡಬ್ಬಿಗಳನ್ನು ಒಂದೊಂದಾಗಿ ಎತ್ತಿ ತೋರಿಸಿ, ಎದೆ ಮುಟ್ಟಿಕೊಂಡು, "ಯೂ ಕರೆಕ್ಟ್. ಐ ಟೇಕ್. ಐ ಪುಟ್ ಅವಲಕ್ಕಿ" ಎಂದೆ. ಮಾರೈಕೆ ಬೈಯಲಿಲ್ಲ, ನಗಲಿಲ್ಲ, ಪರವಾಗಿಲ್ಲ ಎಂದೂ ಹೇಳಲಿಲ್ಲ. ಎದ್ದು ಮುಖ್ಯಸ್ಥರನ್ನು ಕರೆದುಕೊಂಡು ಬಂದು, ನನ್ನ ಬಾಯಿಂದ ಅದನ್ನೇ ಇನ್ನೊಮ್ಮೆ ಹೇಳಿಸಿದಳು. ಆಮೇಲೆ ತನ್ನ ಪಟ್ಟಿ ವಾಪಸು ಕೇಳಿ ಪಡೆದಳು.

ವಾಪಸು ಹೋದ ಬಸುರಿಯರಲ್ಲಿ ಹೆಚ್ಚುಕಡಿಮೆ ಎಲ್ಲರೂ ಮರುವಾರ ಬಂದರಂತೆ. ಇದ್ದ ಒಂದೇ ಯಂತ್ರದಲ್ಲಿ ನೋಡಿದಾಗ ಒಬ್ಬಳಿಗೆ ಬಿ.ಪಿ. ವಿಪರೀತ ಏರಿತ್ತು, ಕೂಡಲೇ ದೊಡ್ಡ ಆಸ್ಪತ್ರೆಗೆ ಸಾಗಿಸಿದರು, ಈಗ ಸುಧಾರಿಸಿದ್ದಾಳೆ. ಇನ್ನೊಬ್ಬಳು ಬರಲೇ ಇಲ್ಲ. ಅವಳ ಹಳ್ಳಿ ಯಾವುದೆಂದು ಯಾರೂ ಬರೆದುಕೊಂಡಿರಲಿಲ್ಲ. ಅನಘ ಫೋನು ಮಾಡಿದಾಗಲೆಲ್ಲ ಅವಳು ಬಂದಳಾ ಎಂದು ಕೇಳುತ್ತೇನೆ. ಇಲ್ಲ ಅಜ್ಜ ಎನ್ನುತ್ತಾಳೆ. ಮೊಮ್ಮಗಳು ಇಗರ್ಜಿ ಸೇರುತ್ತಾಳೋ ಬಿಡುತ್ತಾಳೋ ಎಂದು ಕೇಳುವುದು ನನಗೆ ಮರೆತೇಹೋಗಿದೆ.

ಯಂತ್ರಗಳನ್ನು, ಇನ್ನೂ ಹೊರಡಬೇಕಿದ್ದ ತಂಡದ ಎರಡನೆಯ ಗುಂಪಿನೊಂದಿಗೆ ಕಳಿಸುವುದೆಂದಾಯಿತು. ಡೆಲ್ಫ್ಟ್‌ನಲ್ಲಿ ಅವರ ಚರ್ಚಿಗೆ ತಲುಪಿಸಬೇಕು. ನೀವೇ ಹೋಗಿ ಕೊಟ್ಟು ಬನ್ನಿ ಅಪ್ಪ ಎಂದಳು ವಿದ್ಯಾ, ಜೊತೆಗೆ ಬರಲಿಲ್ಲ. ಹೇಗ್‌ನಲ್ಲಿ ರೈಲು ಬದಲಿಸಿ, ಚೀಲವನ್ನು ಮಗುವಿನಂತೆ ಅವುಚಿಕೊಂಡು ಹೋದೆ. ಅಲ್ಲಿದ್ದದ್ದು ನನ್ನದೇ ವಯಸ್ಸಿನ ಒಬ್ಬ ನಿವೃತ್ತ ನರ್ಸಮ್ಮ. ನಾನು ಯಾರೆಂದು ಆಕೆಗೆ ಗೊತ್ತಿತ್ತು. ಕಾಫಿ ಕೊಟ್ಟಳು, ಒಂದು ಬಿಸ್ಕತ್ತು ಕೊಟ್ಟಳು, ಬಿಸ್ಕತ್ತಿನ ಡಬ್ಬಿ ಮುಚ್ಚಿಟ್ಟಳು. ಆಮೇಲೆ, ಕಳಿಸುವ ಮೊದಲು ಯಂತ್ರಗಳು ಸರಿಯಿವೆಯೇ ನೋಡಬೇಕು, ತೋಳು ಕೊಡಿ ಎಂದು ಸನ್ನೆ ಮಾಡಿದಳು. ಅಂಗಿಯ ತೋಳು ಮಡಿಸಿದೆ. ಒಂದಾದ ಮೇಲೊಂದು ಮೂರನ್ನೂ ಕಟ್ಟಿ, ಬಿಗಿದು, ಅಂಕಿ ಬರೆದುಕೊಂಡಳು. ಮೂರರಲ್ಲೂ ನೂರಾ ಎಪ್ಪತ್ತರ ಮೇಲೆಯೇ ಬಂತು. ಯಂತ್ರಗಳು ಚೆನ್ನಾಗಿವೆ, ನೀವು ನಾಳೆಯೇ ಡಾಕ್ಟರ ಹತ್ತಿರ ಹೋಗಿ ಎಂದು ಚೀಟಿ ಬರೆದು ಕೊಟ್ಟಳು.

ಈಗ ದಿನಾ ಬೆಳಿಗ್ಗೆ ಒಂದು ಮಾತ್ರೆ ನುಂಗುತ್ತೇನೆ. ನುಂಗುವಾಗಲೆಲ್ಲ ಆ ಮರದ ಕೆಳಗೆ ಕೂತವರು ನೆನಪಾಗುತ್ತಾರೆ. ಅವರಿಗಾಗಿ ತಂದ ಆ ಮೂರು ಯಂತ್ರಗಳಿಂದ ಮೊದಲು ಜೀವ ಉಳಿಸಿಕೊಂಡವನು, ಅವನ್ನು ಕದ್ದ ನಾನು.